'ಹಾರ್ಮೋನ್ ಡಯಟ್' ಪ್ಲಾನ್: ಐದಕ್ಕೆ ಎರಡು ಸ್ಟಾರ್, ಅದೂ ಜ್ಯೂಸ್ ಬಿಡಿಸಿದ್ದಕ್ಕೆ

ಹೆಣ್ಣುಮಕ್ಕಳು ಬೇಗ ದೊಡ್ಡವರಾಗುವುದನ್ನು ಊಟದಿಂದಲೇ ತಡೆಯುತ್ತೇವೆ ಅನ್ನುವ ಆನ್‌ಲೈನ್ ಡಯಟ್ ಪ್ಲಾನ್ ಇದು. ಮೂರು ತಿಂಗಳಿಗೆ 6,500 ರೂಪಾಯಿ. ಹೆಸರು ಹಾಕುವುದಿಲ್ಲ, ಇನ್‌ಸ್ಟಾಗ್ರಾಂನಲ್ಲಿ ಇಂಥವು ಬೇಕಾದಷ್ಟಿವೆ. ಮಗಳಿಗೆ ಒಂಬತ್ತು ವರ್ಷ, ಅವಳ ಕ್ಲಾಸಿನಲ್ಲಿ ಆಗಲೇ ಒಬ್ಬಿಬ್ಬರು ದೊಡ್ಡವರಾಗಿದ್ದಾರೆ, ಅದಕ್ಕೇ ತೆಗೆದುಕೊಂಡೆ.

ಮೊದಲು ಒಳ್ಳೆಯದು ಹೇಳುತ್ತೇನೆ. ಪ್ಯಾಕೆಟ್ ಜ್ಯೂಸ್, ಕೂಲ್‌ಡ್ರಿಂಕ್ಸ್ ಪೂರ್ತಿ ಬಿಡಿಸಿದರು. ಇದಕ್ಕೆ ಆಧಾರವಿದೆ. ಅಮೆರಿಕದ ಐದೂವರೆ ಸಾವಿರಕ್ಕೂ ಹೆಚ್ಚು ಹುಡುಗಿಯರ ಬಗ್ಗೆ 2015ರಲ್ಲಿ ಬಂದ ಅಧ್ಯಯನದಲ್ಲಿ, ಸಕ್ಕರೆ ಹಾಕಿದ ಪಾನೀಯ ದಿನಕ್ಕೆ ಒಂದೂವರೆ ಲೋಟಕ್ಕಿಂತ ಜಾಸ್ತಿ ಕುಡಿಯುತ್ತಿದ್ದವರಿಗೆ, ವಾರಕ್ಕೆ ಎರಡು ಲೋಟದೊಳಗೆ ಕುಡಿಯುತ್ತಿದ್ದವರಿಗಿಂತ ಸುಮಾರು 2.7 ತಿಂಗಳು ಮುಂಚೆ ಮುಟ್ಟು ಶುರುವಾಗಿತ್ತು. ತಿಂಗಳು, ವರ್ಷ ಅಲ್ಲ! ಇವರು ನೋಡಿದರೆ 'ಎರಡು ವರ್ಷ ಮುಂದೂಡಬಹುದು' ಅಂತ ಬರೆದುಕೊಂಡಿದ್ದಾರೆ.

ಇನ್ನು ನಿಷೇಧದ ಪಟ್ಟಿ. ಹಾಲು, ಮೊಟ್ಟೆ, ಕೋಳಿ, ಎಳ್ಳು, ಪಪ್ಪಾಯಿ ಎಲ್ಲಾ ಬಂದ್. (ಎಳ್ಳು ಉಷ್ಣ ಅಂತ ಮೊದಲಿಂದ ಹೇಳುತ್ತಿದ್ದ ನಮ್ಮ ಅತ್ತೆಗೆ ಮಾತ್ರ ಭಾರೀ ಖುಷಿ.) ಕಾರಣ ಕೇಳಿದರೆ 'ಹಾರ್ಮೋನ್ ಇಂಜೆಕ್ಷನ್' ಅಂದರು. ಬ್ರಾಯ್ಲರ್ ಕೋಳಿ ಅಷ್ಟು ಬೇಗ ಬೆಳೆಯುವುದು ತಳಿ ಮತ್ತು ಫೀಡ್‌ನಿಂದ. ಹಾಲು ಇಳಿಸಲೆಂದು ಹಸುವಿಗೆ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ಚುಚ್ಚುವುದು ಹಸುವಿನ ಪಾಲಿಗೆ ಹಿಂಸೆ, ನಿಜ, ಆದರೆ ಆ ಹಾರ್ಮೋನ್ ನಮ್ಮ ಹೊಟ್ಟೆಗೆ ಹೋದರೆ ಬೇರೆ ಪ್ರೋಟೀನ್ ಥರವೇ ಜೀರ್ಣವಾಗಿಬಿಡುತ್ತದೆ. ಬೆಳೆಯುವ ಹುಡುಗಿಗೆ ಹಾಲು ಮೊಟ್ಟೆ ಬಿಡಿಸಿ, ಇವರೇ ಮಾರುವ ಖರ್ಜೂರ ಬೆಲ್ಲದ ಲಡ್ಡು ದಿನಾ ಎರಡು ಕೊಡಿ ಅಂದರೆ ಯಾವ ನ್ಯಾಯ?

ಊಟದ ಪ್ರಭಾವ ಇಲ್ಲ ಅಂತಲ್ಲ. ಅದು ಹೆಚ್ಚಾಗಿ ತೂಕದ ಮೂಲಕ ಬರುತ್ತದೆ. ಮೈಯಲ್ಲಿ ಕೊಬ್ಬು ಹೆಚ್ಚಿದಷ್ಟೂ ಲೆಪ್ಟಿನ್ ಅನ್ನುವ ಹಾರ್ಮೋನ್ ಹೆಚ್ಚುತ್ತದೆ, 'ಬೇಕಾದಷ್ಟು ಶಕ್ತಿ ಕೂಡಿದೆ' ಅನ್ನುವ ಸುದ್ದಿ ಮೆದುಳಿಗೆ ಮುಟ್ಟುತ್ತದೆ, ದೊಡ್ಡವಳಾಗುವ ದಾರಿ ಬೇಗ ತೆರೆದುಕೊಳ್ಳುತ್ತದೆ. ಹಾಗಿದ್ದರೆ ಮೊದಲು ಎತ್ತರ, ತೂಕ ಕೇಳಬೇಕು ಅಲ್ವಾ? ತಾಯಿ ಯಾವ ವಯಸ್ಸಿನಲ್ಲಿ ದೊಡ್ಡವಳಾದಳು ಅನ್ನುವುದೂ ಮುಖ್ಯ, ಇದರಲ್ಲಿ ವಂಶದ ಪಾಲು ದೊಡ್ಡದು. ಇವರು ಕೇಳಿದ್ದು ದುಡ್ಡು ಕಳಿಸಿದ ಸ್ಕ್ರೀನ್‌ಶಾಟ್ ಮಾತ್ರ.

ನನ್ನ ದೊಡ್ಡ ತಕರಾರು ಬೇರೆಯೇ. ಎಂಟು ವರ್ಷ ತುಂಬುವ ಮೊದಲೇ ಎದೆ ಬೆಳೆಯಲು ಶುರುವಾದರೆ ಮಕ್ಕಳ ಹಾರ್ಮೋನ್ ಡಾಕ್ಟರಿಗೆ ತೋರಿಸಬೇಕು. ಅವರು ಎಡಗೈ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ, ಬೇಕಿದ್ದರೆ ಚಿಕಿತ್ಸೆ ಕೊಡುತ್ತಾರೆ. ತಡವಾದರೆ ಮಗು ಬೆಳೆಯಬೇಕಾದಷ್ಟು ಎತ್ತರ ಬೆಳೆಯದೆ ಹೋಗಬಹುದು. ಇವರ ಪಿಡಿಎಫ್‌ನಲ್ಲಿ ಡಾಕ್ಟರ್ ಅನ್ನುವ ಪದವೇ ಇಲ್ಲ. ಗ್ರೂಪಿನಲ್ಲಿ ಒಬ್ಬ ತಾಯಿ ಏಳು ವರ್ಷದ ಮಗಳ ಬಗ್ಗೆ ಕೇಳಿದಾಗಲೂ ಬಂದ ಉತ್ತರ, 'ಲಡ್ಡು ಮುಂದುವರಿಸಿ ಮೇಡಂ'.

ಜ್ಯೂಸ್ ಬಿಟ್ಟಿದ್ದು ಹಾಗೇ ಇದೆ, ಹಾಲು ಮೊಟ್ಟೆ ಮತ್ತೆ ಶುರು ಮಾಡಿದ್ದೇವೆ. ಉಳಿದ ತಿಂಗಳ ದುಡ್ಡು ವಾಪಸ್ ಕೇಳಿದ್ದೇನೆ, 'ಟೀಮ್ ನೋಡುತ್ತದೆ' ಅಂದಿದ್ದಾರೆ.