ಹಳೆ ಫಿಟ್‌ನೆಸ್ ವಾಚ್ ಬದಲಿಸಬೇಕಾ? ಐದು ವರ್ಷ ಕಟ್ಟಿದ ಮೇಲೆ ನನ್ನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ವಾಚ್ ಬದಲಿಸುತ್ತಿಲ್ಲ. ಬದಲಿಸಿಯೇ ತೀರುತ್ತೇನೆ ಅಂತ ಕೂತಿದ್ದವನು ಪರಿಚಯದವರೊಬ್ಬರ ಹೊಸ ಮಾಡೆಲ್ ಎರವಲು ತಂದೆ. ಕೆಲವು ವಾರ ಎರಡೂ ಕೈಗೆ ಒಂದೊಂದು ವಾಚ್ ಕಟ್ಟಿಕೊಂಡು ಓಡಿದೆ, ಮಲಗಿದೆ, ಕೊನೆಗೆ ಹೊಸದನ್ನು ವಾಪಸ್ ಕೊಟ್ಟು ಸುಮ್ಮನಾದೆ. ಬಿಡುಗಡೆಯಾದ ವಾರದಲ್ಲೇ ಬರುವ ವಿಮರ್ಶೆಗಳು ಹೊಸ ವಾಚಿನಲ್ಲಿ ಏನೇನಿದೆ ಅಂತ ಹೇಳುತ್ತವೆ. ಕೈಯಲ್ಲಿ ಈಗಾಗಲೇ ಒಂದು ವಾಚ್ ಇರುವವನಿಗೆ ಬೇಕಾದ ಪ್ರಶ್ನೆಯೇ ಬೇರೆ: ಇದರಿಂದ ನಾಳೆಯ ಓಟದಲ್ಲಿ ಏನು ಬದಲಾಗುತ್ತದೆ?

ನನ್ನ ವಾಚಿನ ಕಂಪನಿ ಯಾವುದು ಅಂತ ಹೇಳುವುದಿಲ್ಲ, ಹೇಳಿದರೆ ಮಾತು ಬ್ರ್ಯಾಂಡ್ ಜಗಳಕ್ಕೆ ತಿರುಗುತ್ತದೆ. 2019-20ರ ಸುಮಾರಿನ ಮಧ್ಯಮ ದರ್ಜೆಯ ರನ್ನಿಂಗ್ ವಾಚ್ ಅಂದುಕೊಳ್ಳಿ. ಐದು ಬಟನ್, ಟಚ್ ಇಲ್ಲ, ಬಿಸಿಲಿನಲ್ಲಿ ಚೆನ್ನಾಗಿ ಕಾಣುವ ಮಿಪ್ ಪರದೆ, ಸಾದಾ ಜಿಪಿಎಸ್, ಮಣಿಕಟ್ಟಿನಲ್ಲೇ ಹೃದಯಬಡಿತ ಅಳೆಯುವ ಸೆನ್ಸರ್. ಎತ್ತರ ಅಳೆಯುವ ಬ್ಯಾರೋಮೀಟರ್ ಇಲ್ಲ. ವಾರದಲ್ಲಿ ನಾಲ್ಕೈದು ದಿನ ಓಟ, ಮಧ್ಯೆ ಜಿಮ್. ಸ್ನಾನ, ನಿದ್ದೆ ಎಲ್ಲವೂ ವಾಚ್ ಕೈಯಲ್ಲಿದ್ದಂತೆಯೇ.

ಸವೆದಿರುವುದು ಏನೇನು? ಗಾಜಿನ ಅಂಚಿನಲ್ಲಿ ಗೀರುಗಳಿವೆ, ಓದುವುದಕ್ಕೆ ತೊಂದರೆಯಿಲ್ಲ. ಪಟ್ಟಿ ಹರಿದು ಬೇರೆ ಹಾಕಿದ್ದೇನೆ. ಹಿಂಬದಿಯ ಚಾರ್ಜಿಂಗ್ ಪಿನ್ನುಗಳ ಮೇಲೆ ಬೆವರಿನ ಉಪ್ಪು ಕೂತು ಹಸಿರು ಪದರ ಕಟ್ಟುತ್ತದೆ. ಕೇಬಲ್ ಹಾಕಿದರೂ ಚಾರ್ಜ್ ಆಗುತ್ತಿಲ್ಲ ಅನ್ನುವ ದೂರುಗಳಲ್ಲಿ ಅರ್ಧದಷ್ಟು ಇದೇ ಇರಬೇಕು. ಹಳೆ ಟೂತ್‌ಬ್ರಶ್ಶಿಗೆ ಎರಡು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿದರೆ ಹೋಗುತ್ತದೆ. ಓಟವನ್ನು ಸುತ್ತುಗಳಾಗಿ ಬಿಡಿಸಿ ಗುರುತಿಸುವ ಲ್ಯಾಪ್ ಬಟನ್ ಈಗ ಟಕ್ ಅನ್ನುವುದಿಲ್ಲ, ಮೆತ್ತಗೆ ಒಳಗೆ ಹೋಗಿ ಅಲ್ಲೇ ಅರೆಕ್ಷಣ ಕೂರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹಿಡಿದು ಹಲವು ಸಲ ಒತ್ತಿದರೆ ಸರಿಯಾಗುತ್ತದೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. 5 ಎಟಿಎಂ ಅಂತ ಬರೆದಿರುವ ನೀರಿನ ರಕ್ಷಣೆ ಹೊಸ ವಾಚಿಗೆ ಕೊಟ್ಟ ಮಾತು. ಒಳಗಿನ ರಬ್ಬರ್ ಸೀಲಿಗೂ ವಯಸ್ಸಾಗುತ್ತದೆ, ಹಾಗಾಗಿ ಈಜುವಾಗ ಇದನ್ನು ಬಿಚ್ಚಿಡುತ್ತೇನೆ.

ಬ್ಯಾಟರಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಬದಲಿಸಲು ನ್ಯಾಯವಾದ ಕಾರಣ ಅಂತಿದ್ದರೆ ಅದು ಇದೇ. ಲಿಥಿಯಂ ಅಯಾನ್ ಸೆಲ್ ಕೆಲವು ನೂರು ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾದ ಮೇಲೆ ಮೊದಲಿನ ಸಾಮರ್ಥ್ಯದ 80 ಶೇಕಡಾ ಆಸುಪಾಸಿಗೆ ಇಳಿಯುವುದು ಸಹಜ. ಅದನ್ನು ಅಳೆಯುವುದು ಸುಲಭ. ಪೂರ್ತಿ ಚಾರ್ಜ್ ಮಾಡಿ, ಜಿಪಿಎಸ್ ಹಾಕಿ ಹೊರಗೆ ಎರಡು ಗಂಟೆ ಓಡಿ ಅಥವಾ ನಡೆದು ಬನ್ನಿ, ಎಷ್ಟು ಶೇಕಡಾ ಇಳಿಯಿತು ನೋಡಿ. ನನ್ನದು ಗಂಟೆಗೆ ಆರು ಶೇಕಡಾದಷ್ಟು ಇಳಿಯುತ್ತದೆ, ಹೊಸದಾಗಿದ್ದಾಗ ನಾಲ್ಕು ಇಳಿಯುತ್ತಿತ್ತು. ಅಂದರೆ ಇವತ್ತಿಗೂ ಹದಿನಾರು ಗಂಟೆ ಓಡುತ್ತದೆ. ನಾನು ಓಡುವ ಅತಿ ಉದ್ದದ ಓಟ ಮ್ಯಾರಥಾನ್, ಅದಕ್ಕೆ ಇದರ ಮೂರನೇ ಒಂದು ಭಾಗವೂ ಬೇಡ. ನೀವು ನೂರು ಕಿಲೋಮೀಟರ್ ಅಲ್ಟ್ರಾ ಓಡುವವರಾದರೆ ಈ ವಿಮರ್ಶೆಯನ್ನು ಇಲ್ಲಿಗೇ ಬಿಟ್ಟು ಹೊಸದು ತೆಗೆದುಕೊಳ್ಳಿ, ತಪ್ಪಿಲ್ಲ.

ಈಗ ಎರಡು ವಾಚ್ ಕಟ್ಟಿಕೊಂಡ ಕಥೆ. ನೋಡಿದವರು ನಕ್ಕರು, ನಗಲಿ.

ಹೊಸ ವಾಚುಗಳ ದೊಡ್ಡ ಹೆಗ್ಗಳಿಕೆ ಮಲ್ಟಿಬ್ಯಾಂಡ್ ಜಿಪಿಎಸ್. ನನ್ನ ಹಳೆಯದು ಉಪಗ್ರಹದಿಂದ 1575.42 ಮೆಗಾಹರ್ಟ್ಸ್‌ನ ಎಲ್1 ಸಂಕೇತವೊಂದನ್ನೇ ಕೇಳಿಸಿಕೊಳ್ಳುತ್ತದೆ. ಎತ್ತರದ ಕಟ್ಟಡಗಳ ನಡುವೆ ಆ ಸಂಕೇತ ಗೋಡೆಗೆ ಬಡಿದು ಸುತ್ತಿಕೊಂಡು ಬರುತ್ತದೆ. ಬಂದಿದ್ದು ನೇರವಾಗಿಯೋ ಬಡಿದೋ ಅಂತ ವಾಚಿಗೆ ತಿಳಿಯದೆ, ನೀವು ಪಕ್ಕದ ರಸ್ತೆಯಲ್ಲಿ ಓಡುತ್ತಿದ್ದೀರಿ ಅಂದುಕೊಳ್ಳುತ್ತದೆ. ಹೊಸವು 1176.45 ಮೆಗಾಹರ್ಟ್ಸ್‌ನ ಎಲ್5 ಅನ್ನೂ ಕೇಳುತ್ತವೆ. ಅದರ ಕೋಡ್ ಹತ್ತು ಪಟ್ಟು ವೇಗವಾಗಿ ಬರುವುದರಿಂದ ನೇರ ಸಂಕೇತವನ್ನೂ ಪ್ರತಿಫಲಿಸಿದ್ದನ್ನೂ ಬೇರೆ ಮಾಡುವುದು ಸುಲಭ. 2022ರಲ್ಲಿ ಗಾರ್ಮಿನ್ ಫೋರ್‌ರನ್ನರ್ 255, ಆ್ಯಪಲ್ ವಾಚ್ ಅಲ್ಟ್ರಾ ಎರಡೂ ಇದನ್ನು ತಂದವು. ಇದು ಬರೀ ಜಾಹೀರಾತಿನ ಮಾತಲ್ಲ, ನಕ್ಷೆಯಲ್ಲಿ ಕಣ್ಣಿಗೇ ಕಾಣುತ್ತದೆ. ಕಟ್ಟಡಗಳ ಸಾಲಿನಲ್ಲಿ ನನ್ನ ಹಳೆಯದರ ಗೆರೆ ಮನೆಗಳ ಒಳಗೆಲ್ಲ ನುಗ್ಗಿ ಬಂದರೆ, ಹೊಸದರ ಗೆರೆ ನಾನಿದ್ದ ಫುಟ್‌ಪಾತ್ ಮೇಲೆಯೇ ಇತ್ತು.

ಆದರೆ ಒಟ್ಟು ದೂರ? ಬಯಲು ರಸ್ತೆಯ ಹತ್ತು ಕಿಲೋಮೀಟರ್ ಓಟದಲ್ಲಿ ಎರಡಕ್ಕೂ ಇದ್ದ ವ್ಯತ್ಯಾಸ ನೂರು ಮೀಟರ್ ದಾಟಲಿಲ್ಲ. ವ್ಯತ್ಯಾಸ ನಿಜವಾಗಿ ಕಾಡುವುದು ಆ ಕ್ಷಣದ ಪೇಸ್‌ನಲ್ಲಿ, ಅಂದರೆ ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನುವುದರಲ್ಲಿ. ಒಂದೇ ವೇಗದಲ್ಲಿ ಓಡುತ್ತಿದ್ದರೂ ಹಳೆಯದು 5:10 ಅನ್ನುತ್ತದೆ, ಮರುಕ್ಷಣ 5:40 ಅನ್ನುತ್ತದೆ. ಇದಕ್ಕೆ ಮದ್ದು ಹಳೆ ವಾಚಿನಲ್ಲೇ ಇದೆ. ಪರದೆಯಿಂದ ಆ ಕ್ಷಣದ ಪೇಸ್ ತೆಗೆದುಹಾಕಿ ಲ್ಯಾಪ್ ಪೇಸ್ (ಆ ಸುತ್ತಿನ ಸರಾಸರಿ) ಹಾಕಿಕೊಂಡರೆ ಏರುಪೇರು ಸರಾಸರಿಯಲ್ಲಿ ಕರಗಿಹೋಗುತ್ತದೆ. ಇನ್ನು ಟ್ರ್ಯಾಕ್ ಮೇಲೆ ಜಿಪಿಎಸ್ ಯಾಕೆ ಬೇಕು? ಒಳಗಿನ ಲೇನ್ 400 ಮೀಟರ್ ಅಂತ ಅಳೆದೇ ಇಟ್ಟಿರುತ್ತಾರೆ. ಬಟನ್ ಒತ್ತಿ ಸಮಯ ನೋಡಿದರೆ ಆಯಿತು.

ಹೃದಯಬಡಿತದ ವಿಷಯ ಇನ್ನೂ ಕುತೂಹಲದ್ದು. ವಾಚಿನ ಹಿಂದೆ ಮಿನುಗುವ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನಲ್ಲಿ ರಕ್ತ ಹೆಚ್ಚು ಕಡಿಮೆಯಾಗುವುದರಿಂದ ಹಿಂತಿರುಗುವ ಬೆಳಕೂ ಹೆಚ್ಚು ಕಡಿಮೆಯಾಗುತ್ತದೆ. ಅದನ್ನೇ ವಾಚ್ ಎಣಿಸುವುದು. ತೊಂದರೆ ಏನೆಂದರೆ, ಓಡುವಾಗ ಕೈ ಬೀಸುವುದರಿಂದಲೂ ಆ ಬೆಳಕು ಅದೇ ಥರ ಏರಿಳಿಯುತ್ತದೆ. ಒಂದು ಚಳಿಯ ಬೆಳಿಗ್ಗೆ ಇಳಿಜಾರಿನಲ್ಲಿ ಮಾತಾಡಿಕೊಂಡು ನಿಧಾನಕ್ಕೆ ಓಡುತ್ತಿದ್ದೆ. ಹಳೆ ವಾಚ್ 171 ತೋರಿಸುತ್ತಿತ್ತು. ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ತೋರಿಸುವ ಕೇಡೆನ್ಸ್ ಪುಟಕ್ಕೆ ಹೋಗಿ ನೋಡಿದರೆ ಅಲ್ಲೂ 171! ಬಡಿತವನ್ನು ಬಿಟ್ಟು ಹೆಜ್ಜೆಯನ್ನು ಎಣಿಸುತ್ತಿತ್ತು ಮಹರಾಯ. ನಿಂತು ಕತ್ತಿನ ಮೇಲೆ ಬೆರಳಿಟ್ಟು ಎಣಿಸಿದೆ, ನೂರಮೂವತ್ತರ ಆಸುಪಾಸು. ಇನ್ನೊಂದು ಕೈಯ ಹೊಸ ವಾಚ್ ಆವತ್ತು 134 ತೋರಿಸಿ ಮಾನ ಉಳಿಸಿಕೊಂಡಿತು. ಆದರೆ ಮುಂದಿನ ವಾರದ ಇಂಟರ್ವಲ್‌ನಲ್ಲಿ (ಜೋರಾಗಿ ಓಡಿ, ನಡೆದು ಸುಧಾರಿಸಿಕೊಂಡು, ಮತ್ತೆ ಓಡುವ ಅಭ್ಯಾಸ) ಅದೂ ಎಡವಿತು. ನಾನು ಜೋರಾಗಿ ಓಡಿ ಮುಗಿಸಿ ನಡೆಯಲು ಶುರುಮಾಡಿದ ಮೇಲೆ ಅದರ ಗ್ರಾಫ್ ತುದಿಗೆ ಏರಿತ್ತು.

ಹಾಗಾಗಿ ಒಂದು ಚೆಸ್ಟ್ ಸ್ಟ್ರ್ಯಾಪ್ ತಂದೆ. ಎದೆಗೆ ಕಟ್ಟುವ ಪಟ್ಟಿ. ಬೆಳಕಿನ ಗೊಡವೆಯಿಲ್ಲ, ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಸಿಆರ್2032 ಬಟನ್ ಸೆಲ್ ಒಂದಿದ್ದರೆ ತಿಂಗಳುಗಟ್ಟಲೆ ನಡೆಯುತ್ತದೆ, ವಾಚಿನ ಜೊತೆ ಬ್ಲೂಟೂತ್‌ನಲ್ಲೂ, ಅದರಂಥದ್ದೇ ಇನ್ನೊಂದು ವೈರ್‌ಲೆಸ್ ಸಂಪರ್ಕವಾದ ಆಂಟ್ ಪ್ಲಸ್‌ನಲ್ಲೂ ಮಾತಾಡುತ್ತದೆ. ಎಲೆಕ್ಟ್ರೋಡಿಗೆ ಸ್ವಲ್ಪ ನೀರು ಸವರಿ ಕಟ್ಟಬೇಕು, ಒಣಗಿದ್ದರೆ ಮೊದಲ ಕೆಲವು ನಿಮಿಷ ಹುಚ್ಚುಚ್ಚು ಅಂಕಿ ಬರುತ್ತದೆ. ಎರಡೂ ವಾಚಿಗೆ ಅದನ್ನೇ ಜೋಡಿಸಿ ಓಡಿದೆ. ಎರಡು ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ. ಹೊಸ ವಾಚಿನ ಒಳ್ಳೆಯ ಸೆನ್ಸರ್‌ಗೆಂದು ಕೊಡಬೇಕಿದ್ದ ಹಣದ ಸಣ್ಣ ಪಾಲಿನಲ್ಲಿ, ಅದಕ್ಕಿಂತ ಒಳ್ಳೆಯ ಅಂಕಿ ನನ್ನ ಹಳೆ ವಾಚಿಗೆ ಬಂತು. ಅಪ್‌ಗ್ರೇಡ್ ಯೋಚನೆ ಸಡಿಲವಾದದ್ದು ಅಲ್ಲೇ.

ಉಳಿದದ್ದು ಅಂಕಗಳ ಸಂತೆ. ಇವತ್ತು ಓಡಲು ಸಿದ್ಧವೇ ಅನ್ನುವುದಕ್ಕೆ ಒಂದು ಅಂಕ, ನಿದ್ದೆಗೆ ಒಂದು, ಒತ್ತಡಕ್ಕೆ ಒಂದು, ದೇಹದಲ್ಲಿ ಉಳಿದಿರುವ ಶಕ್ತಿಗೆ ಇನ್ನೊಂದು. ಬಾಕ್ಸಿನ ಮೇಲೆ ಇವೆಲ್ಲ ಬೇರೆ ಬೇರೆ ಫೀಚರ್‌ಗಳಂತೆ ಕಂಡರೂ ಬಹುಪಾಲು ಹುಟ್ಟುವುದು ಎರಡೇ ಮೂಲದಿಂದ: ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಮಿಲಿಸೆಕೆಂಡುಗಳ ಅಂತರ, ಮತ್ತು ಕೈ ಎಷ್ಟು ಅಲುಗಿತು ಅನ್ನುವುದು. ಮೇಲಿನ ಲೆಕ್ಕವೆಲ್ಲ ಸಾಫ್ಟ್‌ವೇರ್. ಈ ಲೆಕ್ಕಗಳಿಗೆ ಹೆಸರಾದ ಫಿನ್ಲೆಂಡಿನ ಫಸ್ಟ್‌ಬೀಟ್‌ನ ಸೂತ್ರಗಳನ್ನು ಹಲವು ಬ್ರ್ಯಾಂಡ್‌ಗಳು ಬಳಸುತ್ತಿದ್ದವು. 2020ರಲ್ಲಿ ಗಾರ್ಮಿನ್ ಅದನ್ನು ಕೊಂಡುಕೊಂಡಿತು.

ಎಚ್‌ಆರ್‌ವಿ ಮಾತ್ರ ನನಗೆ ಇಷ್ಟವಾಯಿತು. ರಾತ್ರಿಯ ಬಡಿತಗಳ ಅಂತರ ಎಷ್ಟು ಬದಲಾಗುತ್ತದೆ ಅನ್ನುವುದರ ಅಳತೆ ಅದು. ಜ್ವರ ಬರುವ ಮುನ್ನಾ ದಿನ, ತಡವಾಗಿ ಭಾರಿ ಊಟ ಮಾಡಿದ ದಿನ ಅದು ಕುಸಿದದ್ದು ಕಂಡಿತು. ಆದರೆ ನಿಮ್ಮ ಮಾಮೂಲಿ ಮಟ್ಟ ಯಾವುದು ಅಂತ ಅದಕ್ಕೆ ತಿಳಿಯಬೇಕಾದರೆ ಮೂರು ವಾರದಷ್ಟು ರಾತ್ರಿ ಕಟ್ಟಿಕೊಂಡು ಮಲಗಬೇಕು. ಅಂಗಡಿಯಲ್ಲಿ ಕಟ್ಟಿ ನೋಡಿ ತೀರ್ಮಾನಿಸುವ ವಿಷಯವಲ್ಲ. ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಕೂತು ವಿಶ್ರಾಂತಿಯ ಬಡಿತ ನೋಡಿದರೆ, ಹಳೆ ವಾಚ್ ಕೂಡ ಇದೇ ಸುದ್ದಿಯನ್ನು ಸ್ವಲ್ಪ ಒರಟಾಗಿ ಹೇಳುತ್ತದೆ. ಮಾಮೂಲಿಗಿಂತ ಏಳೆಂಟು ಜಾಸ್ತಿ ಇದ್ದರೆ ಆವತ್ತು ಇಂಟರ್ವಲ್ ಬೇಡ, ಅಷ್ಟೆ.

ವಿಒ2 ಮ್ಯಾಕ್ಸ್‌ನಲ್ಲಿ, ಅಂದರೆ ದೇಹ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಂದಾಜಿನಲ್ಲಿ, ಒಂದು ತಮಾಷೆ ನಡೆಯಿತು. ಹೊಸದು ಹಳೆಯದಕ್ಕಿಂತ ಮೂರು ಅಂಕ ಜಾಸ್ತಿ ಕೊಟ್ಟಿತು. ಖುಷಿಪಟ್ಟು ಸೆಟ್ಟಿಂಗ್ಸ್ ನೋಡಿದರೆ, ಹೊಸದು ನನ್ನ ಗರಿಷ್ಠ ಬಡಿತವನ್ನು 220ರಿಂದ ವಯಸ್ಸು ಕಳೆದು ಊಹಿಸಿಕೊಂಡಿತ್ತು. ಆ ಸೂತ್ರ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತದಷ್ಟು ಆಚೀಚೆ ಆಗುವುದು ಮಾಮೂಲು. ಹಳೆಯದರಲ್ಲಿ ನಾನು ಏರುದಾರಿಯಲ್ಲಿ ಓಡಿ ಅಳೆದಿಟ್ಟ ಅಂಕಿ ಇತ್ತು. ಅದನ್ನೇ ಹೊಸದಕ್ಕೂ ಕೊಟ್ಟೆ. ಕೆಲವು ಓಟಗಳಲ್ಲಿ ಎರಡೂ ಒಂದೇ ಜಾಗಕ್ಕೆ ಬಂದು ನಿಂತವು. ನಿದ್ದೆಯ ಹಂತಗಳನ್ನಂತೂ ಪ್ರಯೋಗಾಲಯದಲ್ಲಿ ಮೆದುಳಿನ ಅಲೆ ನೋಡಿ ಗುರುತಿಸುತ್ತಾರೆ, ವಾಚ್ ಮಾಡುವುದು ಕೈಯಿಂದ ಊಹೆ. ಒಂದು ದಿನ ಹಾಯಾಗಿ ಎದ್ದೆ, ವಾಚ್ ನಿದ್ದೆಗೆ 58 ಅಂಕ ಕೊಟ್ಟಿತ್ತು. ಅದನ್ನು ಓದಿದ ಮೇಲೆ ಸುಸ್ತಾಯಿತು.

ಪರದೆಯ ಬಗ್ಗೆ ನಿಷ್ಠುರವಾಗಿ ಹೇಳುವುದಾದರೆ ಹೊಸದರ ಅಮೊಲೆಡ್, ಅಂದರೆ ತಾನೇ ಬೆಳಗುವ ಪರದೆ, ಚೆಂದವೇ. ಮುಂಜಾವಿನ ಕತ್ತಲಲ್ಲಿ, ಕನ್ನಡಕವಿಲ್ಲದೆ ಓಡುವವರಿಗೆ ಅದು ದೊಡ್ಡ ಉಪಕಾರ. ಅದಕ್ಕೆ ತೆರುವುದು ಬ್ಯಾಟರಿ. ಒಂದೇ ಸರಣಿಯ ಎರಡು ವಾಚ್ ನೋಡಿ: ಮಿಪ್ ಪರದೆಯ ಫೋರ್‌ರನ್ನರ್ 255ಕ್ಕೆ ಕಂಪನಿ ಹೇಳಿದ ಜಿಪಿಎಸ್ ಅವಧಿ 30 ಗಂಟೆ, 2023ರಲ್ಲಿ ಅಮೊಲೆಡ್‌ನೊಂದಿಗೆ ಬಂದ 265ಕ್ಕೆ 20 ಗಂಟೆ. ಟಚ್ ಬೇಡವೆಂದರೆ ಆಫ್ ಮಾಡಬಹುದು. ಬೆವರಿಳಿಯುವಾಗ, ಮಳೆ ಹನಿಯುವಾಗ ನಾನು ಮುಟ್ಟುವುದು ಬಟನ್ ಮಾತ್ರ, ಹೊಸದರಲ್ಲೂ ಹಾಗೇ ಮಾಡಿದೆ.

ಹಾಗಾದರೆ ಯಾರೂ ಬದಲಿಸಬೇಡಿ ಅಂತಲ್ಲ. ಬೆಟ್ಟ ಹತ್ತಿ ಇಳಿಯುವವರಿಗೆ ಬ್ಯಾರೋಮೀಟರ್ ಬೇಕೇ ಬೇಕು, ಜಿಪಿಎಸ್ ಹೇಳುವ ಎತ್ತರವನ್ನು ನಂಬಿ ಏರಿಕೆಯ ಲೆಕ್ಕ ಹಾಕಲಾಗುವುದಿಲ್ಲ. ಹೃದಯದ ಲಯ ತಪ್ಪುವ ತೊಂದರೆ ಇದ್ದು ವೈದ್ಯರೇ ಸೂಚಿಸಿದ್ದರೆ ಇಸಿಜಿ ಇರುವ ವಾಚ್ ಬೇರೆಯೇ ದರ್ಜೆಯ ಉಪಯೋಗ. ಅದು ಫಿಟ್‌ನೆಸ್ ಅಪ್‌ಗ್ರೇಡ್ ಪ್ರಶ್ನೆಯೇ ಅಲ್ಲ. ಈಜು, ಸೈಕಲ್, ಓಟ ಮೂರನ್ನೂ ಒಂದೇ ಸ್ಪರ್ಧೆಯಲ್ಲಿ ಮಾಡುವವರಿಗೆ ಟ್ರಯಥ್ಲಾನ್ ಮೋಡ್ ಇಲ್ಲದ ವಾಚ್ ಕಿರಿಕಿರಿ. ಹೆಜ್ಜೆ ಎಣಿಸಿ, ಫೋನಿನ ಮೆಸೇಜ್ ನೋಡುವುದಷ್ಟೇ ನಿಮ್ಮ ಬಳಕೆಯಾದರೆ ನಿಮ್ಮ ಹಳೆಯದು ಇನ್ನೂ ಬಹಳ ದಿನ ಸಾಕು.

ಒಂದು ವಿಷಯಕ್ಕೆ ಮಾತ್ರ ನನಗೂ ಅಳುಕಿದೆ. ನಾವು ಕೊಳ್ಳುವುದು ಬರೀ ವಾಚನ್ನಲ್ಲ, ಅದರ ಹಿಂದಿರುವ ಆ್ಯಪ್ ಮತ್ತು ಸರ್ವರ್‌ಗಳನ್ನೂ. ಸ್ಮಾರ್ಟ್‌ವಾಚ್ ಕಂಪನಿ ಪೆಬಲ್ ಅನ್ನು 2016ರಲ್ಲಿ ಫಿಟ್‌ಬಿಟ್ ಕೊಂಡಿತು, 2018ರಲ್ಲಿ ಪೆಬಲ್ ಸೇವೆಗಳು ನಿಂತವು. ಅವನ್ನು ಮತ್ತೆ ನಡೆಸಿದ್ದು ಬಳಕೆದಾರರೇ. 2020ರ ಜುಲೈನಲ್ಲಿ ಗಾರ್ಮಿನ್ ಸರ್ವರ್‌ಗಳ ಮೇಲೆ ಸೈಬರ್ ದಾಳಿ ನಡೆದು ಆ್ಯಪ್ ಕೆಲವು ದಿನ ಬಂದ್ ಆದಾಗಲೂ ವಾಚುಗಳು ಓಟವನ್ನು ದಾಖಲಿಸುತ್ತಲೇ ಇದ್ದವು, ಕೇಬಲ್ ಹಾಕಿ ಫೈಲ್ ತೆಗೆದುಕೊಳ್ಳಬಹುದಿತ್ತು. ನನ್ನ ವಾಚಿಗೆ ಈಗ ಹೊಸ ಫೀಚರ್ ಬರುವುದು ನಿಂತಿದೆ, ಸಣ್ಣಪುಟ್ಟ ದೋಷ ಸರಿಪಡಿಸುವ ಅಪ್‌ಡೇಟ್ ಯಾವಾಗಲಾದರೂ ಒಮ್ಮೆ ಬರುತ್ತದೆ. ಹೊಸ ಫೋನ್ ಕೊಂಡ ದಿನ ಆ್ಯಪ್ ಇದನ್ನು ಗುರುತಿಸದೆ ಹೋದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಆಗಾಗ ಎಲ್ಲ ಓಟಗಳ ಫಿಟ್ (FIT) ಫೈಲುಗಳನ್ನು, ಅಂದರೆ ವಾಚ್ ದಾಖಲಿಸಿದ ಮೂಲ ಫೈಲುಗಳನ್ನು, ಇಳಿಸಿಟ್ಟುಕೊಳ್ಳುತ್ತೇನೆ. ಬ್ರ್ಯಾಂಡ್ ಬದಲಿಸುವ ಯೋಚನೆ ಇದ್ದರೆ ನೀವು ಕೊಳ್ಳುವ ಮುಂಚೆಯೇ ಇದನ್ನು ಮಾಡಿ. ಓಟದ ಫೈಲುಗಳು ಹೊಸ ಮನೆಗೆ ಬರುತ್ತವೆ, ನಿದ್ದೆ ಮತ್ತು ಎಚ್‌ಆರ್‌ವಿ ಇತಿಹಾಸ ಸಾಮಾನ್ಯವಾಗಿ ಹಿಂದೆಯೇ ಉಳಿಯುತ್ತದೆ.

ಬದಲಿಸುವ ದಿನ ಬಂದಾಗ ಆಗಷ್ಟೇ ಬಿಡುಗಡೆಯಾದ ಮಾಡೆಲ್ ನೋಡುವುದಿಲ್ಲ. ಹೊಸದು ಬಂದಾಗ ಅದರ ಹಿಂದಿನದರ ಬೆಲೆ ಇಳಿಯುತ್ತದೆ, ಆ ಹೊತ್ತಿಗೆ ಅದರ ಸಾಫ್ಟ್‌ವೇರ್ ದೋಷಗಳೂ ಮುಗಿದಿರುತ್ತವೆ. ನನಗೆ ಬೇಕಿರುವುದು ಮಲ್ಟಿಬ್ಯಾಂಡ್, ಬಟನ್, ಉದ್ದ ಬ್ಯಾಟರಿ. ಮೂರೂ 2022ರ ಮಿಪ್ ವಾಚುಗಳಲ್ಲೇ ಇವೆ. ಬಳಸಿದ್ದನ್ನು ಕೊಳ್ಳುವುದಾದರೆ ಮೊದಲು ಚಾರ್ಜಿಂಗ್ ಪಿನ್ ತಿರುಗಿಸಿ ನೋಡುತ್ತೇನೆ, ಆಮೇಲೆ ಲ್ಯಾಪ್ ಬಟನ್ ಒತ್ತುತ್ತೇನೆ, ಮಾರುವವರು ಒಪ್ಪಿದರೆ ಒಂದು ಗಂಟೆ ಜಿಪಿಎಸ್ ಹಾಕಿ ಬ್ಯಾಟರಿ ಎಷ್ಟು ಇಳಿಯಿತು ಅಂತ ಬರೆದುಕೊಳ್ಳುತ್ತೇನೆ.