ಫೋಲ್ಡರ್ ಹೆಸರುಗಳ ಬಾಲ ಕತ್ತರಿಸಲು ಯಾವುದು ಸರಿ?

ಇನ್ನೂರು ಫೋಲ್ಡರ್‌ಗಳಿಗೂ "ಬ್ಯಾಕಪ್ ಕಾಪಿ" ಎಂಬ ಬಾಲ. ಒಂದೊಂದಕ್ಕೂ ಹೆಸರು ಬದಲಿಸುವ ಎಫ್2 ಕೀಲಿ ಒತ್ತುತ್ತ ಕೂತರೆ ಬೆಳಗಾದೀತು.

ವಿಂಡೋಸ್‌ನಲ್ಲಿ ನನ್ನ ಮೊದಲ ಆಯ್ಕೆ ಮೈಕ್ರೋಸಾಫ್ಟ್‌ನ ಉಪಕರಣಗಳ ಕಟ್ಟು ಪವರ್‌ಟಾಯ್ಸ್‌ನಲ್ಲಿರುವ ಪವರ್‌ರಿನೇಮ್. ಫೋಲ್ಡರ್‌ಗಳನ್ನು ಆರಿಸಿ ರೈಟ್ ಕ್ಲಿಕ್ ಮಾಡಿ, ಪವರ್‌ರಿನೇಮ್ ತೆರೆದು, ಹುಡುಕುವ ಜಾಗದಲ್ಲಿ ಬೇಡದ ಪದ ಬರೆದು, ಬದಲಿ ಪದದ ಜಾಗ ಖಾಲಿ ಬಿಟ್ಟರಾಯಿತು. ಹೊಸ ಹೆಸರು ಮೊದಲೇ ಕಾಣುತ್ತದೆ. ಒಂದೇ ಹೆಸರಲ್ಲಿ ಪದ ಎರಡು ಸಲ ಇದ್ದರೆ 'ಮ್ಯಾಚ್ ಆಲ್ ಅಕರೆನ್ಸಸ್' ಟಿಕ್ ಮಾಡಿ, ಇಲ್ಲದಿದ್ದರೆ ಮೊದಲನೆಯದಷ್ಟೇ ಹೋಗುತ್ತದೆ. ಒಳಗಿನ ಫೈಲ್‌ಗಳನ್ನು ಹೊರಗಿಡುವ ಆಯ್ಕೆಯೂ ಉಂಟು.

ಇದೇ ಕೆಲಸದ ಇನ್ನೊಂದು ಪ್ರೋಗ್ರಾಂ ಬಲ್ಕ್ ರಿನೇಮ್ ಯುಟಿಲಿಟಿಯ ಪರದೆ ನೋಡಿದರೆ ವಿಮಾನ ಓಡಿಸಬೇಕೇನೋ ಅನ್ನಿಸುತ್ತದೆ. ಆದರೆ "ಕೊನೆಯ ಐದು ಅಕ್ಷರ ತೆಗೆ" ಎಂಬಂಥ ಕೆಲಸಕ್ಕೆ ಅದೇ ಗಟ್ಟಿ.

ಆದೇಶ ಟೈಪ್ ಮಾಡಿ ಕೆಲಸ ಮಾಡಿಸುವ ಪವರ್‌ಶೆಲ್ ಪದೇ ಪದೇ ಈ ಕೆಲಸ ಮಾಡುವವರಿಗೆ. ಮೊದಲು 'ವಾಟ್‌ಇಫ್' ಹಾಕಿ ಪರೀಕ್ಷಿಸಿ; ಏನೂ ಬದಲಿಸದೆ, ಏನಾಗಲಿದೆ ಎಂದಷ್ಟೇ ಅದು ತೋರಿಸುತ್ತದೆ. ಏಕೆಂದರೆ ಪವರ್‌ಶೆಲ್‌ನಲ್ಲಿ ಪದ ಬದಲಿಸುವ 'ರಿಪ್ಲೇಸ್', ಹುಡುಕುವ ಪದದಲ್ಲಿನ ಚುಕ್ಕಿ, ಕಂಸಗಳನ್ನು ಬರಿಯ ಅಕ್ಷರಗಳೆಂದು ನೋಡದೆ ಬೇರೆಯೇ ಅರ್ಥ ಹಚ್ಚುತ್ತದೆ.