ಹಿತ್ತಿಲ ಪ್ಲಂಜ್ ಪೂಲ್‌ಗೆ ಯಾವ ಬಣ್ಣ? ಒಳಮೈ ಫಿನಿಶ್‌ಗಳ ವಿಮರ್ಶೆ

ಪ್ಲಂಜ್ ಪೂಲ್ ಅಂದರೆ ಈಜುವುದಕ್ಕಲ್ಲ, ತಂಪಾಗಿ ಕೂರುವುದಕ್ಕೆ ಕಟ್ಟುವ ಚಿಕ್ಕ ಕೊಳ. ಅದರ ಒಳಮೈಗೆ ಸಿಗುವ ಫಿನಿಶ್‌ಗಳಲ್ಲಿ, ಅಂದರೆ ಕೊನೆಯ ಮೇಲ್ಪದರಗಳಲ್ಲಿ, ನಮ್ಮ ಮೊದಲ ಆಯ್ಕೆ ತಿಳಿ ಬೂದು ಬಣ್ಣದ ಕ್ವಾರ್ಟ್ಜ್ ಪ್ಲಾಸ್ಟರ್ (ಕ್ವಾರ್ಟ್ಜ್ ಹರಳು ಬೆರೆಸಿದ ಸಿಮೆಂಟ್ ಗಾರೆ). ಎರಡನೆಯದು ತಿಳಿ ನೀಲಿ-ಹಸಿರು ಗಾಜಿನ ಮೊಸಾಯಿಕ್ (ಸಣ್ಣ ಬಿಲ್ಲೆಗಳ ಹಾಸು), ಅದೂ ಕೂರಿಸುವವರ ಕೈ ಪಳಗಿದ್ದರೆ ಮಾತ್ರ. ಅಚ್ಚ ಬಿಳಿ ಮತ್ತು ಕಡುಗಪ್ಪು ಕೆಲವು ಹಿತ್ತಿಲುಗಳಿಗೆ ಚೆನ್ನಾಗಿ ಒಪ್ಪುತ್ತವೆ, ಆದರೆ ಬಣ್ಣದ ಪಟ್ಟಿ ನೋಡಿ ಅವನ್ನು ಆರಿಸಿಕೊಳ್ಳುವವರು ಆಮೇಲೆ ಪೇಚಾಡುವುದೇ ಹೆಚ್ಚು.

ದೊಡ್ಡ ಈಜುಕೊಳಕ್ಕೆ ಹೇಳಿದ ಸಲಹೆಯನ್ನು ಚಿಕ್ಕ ಕೊಳಕ್ಕೆ ಹಾಗೇ ತಂದರೆ ಲೆಕ್ಕ ತಪ್ಪುತ್ತದೆ. 2 ಮೀಟರ್ ಅಗಲ, 3 ಮೀಟರ್ ಉದ್ದ, 1.5 ಮೀಟರ್ ಆಳದ ಕೊಳ ತೆಗೆದುಕೊಳ್ಳಿ. ತಳ 6 ಚದರ ಮೀಟರ್, ನಾಲ್ಕು ಗೋಡೆ ಸೇರಿ 15 ಚದರ ಮೀಟರ್. ಅಂದರೆ ಗೋಡೆಯೇ ತಳದ ಎರಡೂವರೆ ಪಟ್ಟು. ಅದೇ ಆಳದ 5×10 ಮೀಟರ್ ಕೊಳದಲ್ಲಿ ತಳ 50, ಗೋಡೆ 45. ಚಿಕ್ಕ ಕೊಳದೊಳಗೆ ಬಿದ್ದ ಬೆಳಕು ಗೋಡೆಯಿಂದ ಗೋಡೆಗೆ ಹಲವು ಸಲ ಬಡಿದು ಹೊರಗೆ ಬರುತ್ತದೆ, ಪ್ರತಿ ಬಡಿತಕ್ಕೂ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಇದರ ಮೇಲೆ ಬೆಳಗ್ಗೆ, ಸಂಜೆ ಒಂದಲ್ಲ ಒಂದು ಗೋಡೆಯ ನೆರಳು ತಳದ ಬಹುಭಾಗವನ್ನು ಮುಚ್ಚಿರುತ್ತದೆ. ಹಾಗಾಗಿ ದೊಡ್ಡ ಕೊಳದಲ್ಲಿ ಹಿತವಾಗಿ ಕಂಡ ನಡುಬೂದು ಇಲ್ಲಿ ಕಡುಬೂದಾಗಿ ಕಾಣುತ್ತದೆ. ಮನಸ್ಸಿನಲ್ಲಿರುವ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾದುದನ್ನು ಆರಿಸಿ.

ನೀರಿಗೂ ತನ್ನದೇ ಬಣ್ಣವಿದೆ. ತಳ ಮುಟ್ಟಿ ಮೇಲೆ ಬರುವ ಬೆಳಕು 1.5 ಮೀಟರ್ ಆಳದ ಕೊಳದಲ್ಲಿ ಒಟ್ಟು 3 ಮೀಟರ್ ನೀರು ದಾಟುತ್ತದೆ. ಅಷ್ಟರಲ್ಲಿ ಕಡುಗೆಂಪು ಬೆಳಕಿನ ಅರ್ಧಕ್ಕಿಂತ ಹೆಚ್ಚನ್ನು ನೀರು ಹೀರಿಕೊಂಡಿರುತ್ತದೆ, ನೀಲಿ ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ. ಬಿಳಿ ಗಾರೆಯ ಕೊಳ ತಿಳಿನೀಲಿಯಾಗಿ ಕಾಣುವುದು ಇದರಿಂದಲೇ. ಮೊದಲ ಮೆಟ್ಟಿಲ ಮೇಲೆ 25 ಸೆಂಟಿಮೀಟರ್ ನೀರಷ್ಟೇ ಇರುವುದರಿಂದ ಅಲ್ಲಿ ಈ ಸೋಸುವಿಕೆ ತೀರಾ ಕಡಿಮೆ, ಹೆಚ್ಚುಕಡಿಮೆ ಗಾರೆಯ ಸ್ವಂತ ಬಣ್ಣವೇ ಕಾಣುತ್ತದೆ. ಮರಳು ಬಣ್ಣದ ಕೊಳದಲ್ಲಿ ಇದು ಎದ್ದು ತೋರುತ್ತದೆ: ಮೆಟ್ಟಿಲು ಕೆನೆ ಬಣ್ಣ, ಕೂರುವ ಕಟ್ಟೆ ತಿಳಿಹಸಿರು, ತಳ ಹಸಿರುನೀಲಿ, ಮೂರೂ ಒಂದೇ ಗಾರೆ. ಕೆಲವರಿಗೆ ಇದು ಚೆಂದ, ಕೆಲವರಿಗೆ ಕಲೆಯಂತೆ ಅನ್ನಿಸುತ್ತದೆ. ಪ್ಲಂಜ್ ಪೂಲ್‌ನಲ್ಲಿ ಮೆಟ್ಟಿಲು ಮತ್ತು ಕಟ್ಟೆಯೇ ಸಾಕಷ್ಟು ಜಾಗ ತಿನ್ನುವುದರಿಂದ ಮೊದಲೇ ತಿಳಿದಿರಬೇಕು.

ಮಾದರಿ ತುಂಡನ್ನು ಅಂಗಡಿಯ ಬೆಳಕಿನಲ್ಲಿ, ಒಣಗಿದ್ದಾಗ ನೋಡಿ ಒಪ್ಪಿಕೊಳ್ಳುವುದು ಅತಿ ಸಾಮಾನ್ಯವಾದ ಎಡವಟ್ಟು. ಸಿಮೆಂಟಿನ ಫಿನಿಶ್ ಮತ್ತು ಕಲ್ಲು ಒದ್ದೆಯಾದ ಕೂಡಲೇ ಗಾಢವಾಗುತ್ತವೆ. ಇಂಡೋನೇಷ್ಯಾದ ಸುಕಬೂಮಿ ಕಲ್ಲಂತೂ ಒಣಗಿದಾಗ ಮಂಕು ಹಸಿರು, ನೀರಿನಲ್ಲಿ ಪಚ್ಚೆ. ಸರಿಯಾಗಿ ನೋಡಬೇಕಾದರೆ ಕನಿಷ್ಠ 30×30 ಸೆಂಟಿಮೀಟರ್‌ನ ಎರಡು ಮಾದರಿ ಹಲಗೆ ಕೇಳಿ ಪಡೆಯಿರಿ. ಅರ್ಧ ಮೀಟರಿಗಿಂತ ಆಳವಾದ ಡ್ರಮ್ಮಿನಲ್ಲಿ ಒಂದನ್ನು ತಳಕ್ಕೆ ಮಲಗಿಸಿ, ಇನ್ನೊಂದನ್ನು ಪಕ್ಕಕ್ಕೆ ನಿಲ್ಲಿಸಿ, ನೀರು ತುಂಬಿ, ಕೊಳ ಬರುವ ಜಾಗದಲ್ಲೇ ಇಡಿ. ನೀಲಿ ಡ್ರಮ್ ಬೇಡ, ಅದರ ಬಣ್ಣವೇ ನೀರಿಗೆ ಹತ್ತುತ್ತದೆ. ಬೆಳಗ್ಗೆ, ನಡುಮಧ್ಯಾಹ್ನ, ಸಂಜೆ, ಮೋಡವಿದ್ದಾಗ ಒಮ್ಮೆ, ಹೀಗೆ ನೋಡಿ. ನಿಂತು ನೋಡಿದ ಮೇಲೆ ದಿನವೂ ಕೂರುವ ಜಾಗದಿಂದಲೂ ನೋಡಿ. ನೇರ ಮೇಲಿಂದ ನೋಡುವಾಗ ನೀರಿನ ಮೇಲ್ಮೈ ಶೇ 2ರಷ್ಟು ಬೆಳಕನ್ನು ಮಾತ್ರ ಹಿಂತಿರುಗಿಸುತ್ತದೆ. ದೂರದ ಕುರ್ಚಿಯಿಂದ ತೀರಾ ಓರೆಯಾಗಿ ನೋಡಿದಾಗ ಅದು ಹತ್ತು ಪಟ್ಟು ಮೀರಬಹುದು. ಆ ಕೋನದಲ್ಲಿ ನಿಮಗೆ ಕಾಣುವುದು ಬಹುಪಾಲು ಆಕಾಶ, ಮರ, ಇಲ್ಲವೇ ಎದುರು ಕಾಂಪೌಂಡ್ ಗೋಡೆ.

ಬಿಳಿ ಗಾರೆ, ಅಂದರೆ ಬಿಳಿ ಸಿಮೆಂಟ್ ಮತ್ತು ಅಮೃತಶಿಲೆ ಪುಡಿ ಕಲಸಿ 10–12 ಮಿಲಿಮೀಟರ್ ದಪ್ಪಕ್ಕೆ ಬಳಿಯುವುದು, ಹಳೆಯ ಮತ್ತು ಅಗ್ಗದ ದಾರಿ. ನೆರಳಿನ ಹಿತ್ತಿಲಿಗೆ, ಎತ್ತರದ ಗೋಡೆಗಳ ನಡುವಿನ ಕೊಳಕ್ಕೆ ಇದನ್ನೇ ಒಪ್ಪುತ್ತೇವೆ, ಏಕೆಂದರೆ ಸಿಗುವ ಅಷ್ಟಿಷ್ಟು ಬೆಳಕನ್ನು ಅದು ಕೈಬಿಡುವುದಿಲ್ಲ. ಬಯಲು ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ದೊಡ್ಡ ತೊಂದರೆ ಕಲೆ. ಎಲೆ ಕೊಳೆತರೆ ಕಂದು, ಕೊಳವೆಬಾವಿ ನೀರಿನ ಕಬ್ಬಿಣದಿಂದ ತುಕ್ಕು ಬಣ್ಣ, ತಾಮ್ರದ ಪಾಚಿನಾಶಕ ಹೆಚ್ಚಾದರೆ ಹಸಿರುನೀಲಿ. ಕಲೆ ಯಾವುದೆಂದು ತಿಳಿಯಲು ವಿಟಮಿನ್ ಸಿ ಮಾತ್ರೆಯೊಂದನ್ನು ಅದರ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಲ್ಲಿ ಬೆಳ್ಳಗಾದರೆ ಲೋಹದ ಕಲೆ, ಹೆಚ್ಚಾಗಿ ಕಬ್ಬಿಣ. ಅದಕ್ಕೆ ಜಗ್ಗದೆ ಕ್ಲೋರಿನ್‌ಗೆ ಮಾಸಿದರೆ ಎಲೆ, ಪಾಚಿಯದು. ಇದನ್ನು ನೋಡಿಕೊಳ್ಳದೆ ಮೊದಲೇ ಆಸಿಡ್ ಸುರಿದು ಉಜ್ಜಿದರೆ ಗಾರೆಯ ಮೇಲ್ಪದರ ಕಿತ್ತು ಹೊರಟು ಹೊಸ ಕಲೆಗೆ ಜಾಗವಾಗುತ್ತದೆ.

ಈಗ ತಿಳಿ ಬೂದು ಕ್ವಾರ್ಟ್ಜ್. ಅಮೃತಶಿಲೆ ಪುಡಿಯ ಬದಲು ಗಟ್ಟಿಯಾದ ಕ್ವಾರ್ಟ್ಜ್ ಹರಳು ಸೇರುವುದರಿಂದ ಬಿಳಿ ಗಾರೆಗಿಂತ ಹೆಚ್ಚು ಕಾಲ ಬಾಳುತ್ತದೆ. ಹತ್ತಿರದಿಂದ ನೋಡಿದರೆ ಬಿಳಿ, ಬೂದು, ಒಂದೆರಡು ಕಪ್ಪು ಚುಕ್ಕೆಗಳು ಬೆರೆತಿರುತ್ತವೆ. ಈ ಚುಕ್ಕೆಗಳ ನಡುವೆ ಸಣ್ಣ ಕಲೆಯೂ ಸುಣ್ಣದ ಪೊರೆಯೂ ಕಣ್ಣಿಗೆ ಬೀಳುವುದಿಲ್ಲ, ಹೀಗಾಗಿ ಒಂದೇ ಬಣ್ಣದ ಗಾರೆಗಿಂತ ಇದು ವಾಸಿ. ನೀರು ತುಂಬಿದಾಗ ಮಧ್ಯಾಹ್ನ ಹಿತವಾದ ನೀಲಿ, ಮೋಡದ ದಿನ ಉಕ್ಕಿನ ಬೂದು. ಸಣ್ಣ ಉರುಟು ಕಲ್ಲುಗಳು ಮೇಲೆದ್ದು ಕಾಣುವ ಪೆಬಲ್ ಫಿನಿಶ್ ಇನ್ನೂ ಗಟ್ಟಿ, ಬಣ್ಣವೂ ಕಲ್ಲಿನ ಸಹಜ ಬಣ್ಣವಾದ್ದರಿಂದ ಮಾಸುವುದಿಲ್ಲ. ಆದರೆ ಪ್ಲಂಜ್ ಪೂಲ್‌ನಲ್ಲಿ ಜನ ಈಜುವುದಿಲ್ಲ, ಬೆನ್ನು ಒರಗಿಸಿ ಕೂರುತ್ತಾರೆ. ಒರಟು ಗೋಡೆಗೆ ಭುಜ, ತೊಡೆ ತರಚುತ್ತವೆ, ಈಜುಡುಗೆ ಸವೆಯುತ್ತದೆ. ಪೆಬಲ್ ಬೇಕೇ ಬೇಕೆಂದರೆ ಅತಿ ಸಣ್ಣ ಕಲ್ಲಿನದು ಅಥವಾ ಹೊಳಪು ಕೊಟ್ಟದ್ದು ಹಾಕಿಸಿ.

ಬೂದು ಗಾರೆ ಕೆಡುವುದು ಎರಡು ಕಡೆ. ಒಂದು, ಗಾರೆ ಬೇಗ ಹಿಡಿಯಲೆಂದು ಬೆರೆಸುವ ಕ್ಯಾಲ್ಸಿಯಂ ಕ್ಲೋರೈಡ್. ಬಿಳಿ ಗಾರೆಯಲ್ಲಿ ಸಿಮೆಂಟ್ ತೂಕದ ಶೇ 2 ಮೀರದಂತೆ ಹಾಕಿದರೆ ನಡೆಯುತ್ತದೆ. ಬಣ್ಣದ ಗಾರೆಗೆ ಅದನ್ನು ಹಾಕಲೇಬಾರದು, ಮೋಡ ಕವಿದಂತೆ ಕಪ್ಪು ತೇಪೆಗಳು ಮೂಡುತ್ತವೆ. ಇನ್ನೊಂದು, ಕರಣೆ ಓಡಿಸುವಾಗ ಒಣಗುತ್ತಿರುವ ಮೈಗೆ ನೀರು ಚಿಮುಕಿಸಿ ತೇಯುವುದು. ನೀರು ಹೆಚ್ಚು ಬಿದ್ದ ಕಡೆ ಬೆಳ್ಳಗೆ, ಬಿಗಿಯಾಗಿ ಉಜ್ಜಿದ ಕಡೆ ಕಪ್ಪಗೆ ಉಳಿಯುತ್ತದೆ. ಎಷ್ಟೇ ಒಳ್ಳೆಯ ಕೆಲಸಗಾರರಾದರೂ ಸಣ್ಣಪುಟ್ಟ ಛಾಯೆಯ ಏರಿಳಿತ ಇದ್ದೇ ಇರುತ್ತದೆ. ತಿಳಿ ಬೂದಿನಲ್ಲಿ ಅದು ನೀರಿನಡಿ ಮರೆಯಾಗುತ್ತದೆ, ಕಡುಬೂದಿನಲ್ಲಿ ಮರೆಯಾಗುವುದಿಲ್ಲ.

ಕಪ್ಪು, ಕಡುಬೂದು, ಕಡುನೀಲಿ ಕೊಳದ ನೀರು ನಿಂತಾಗ ಕನ್ನಡಿ. ಸುತ್ತ ಗಿಡಮರ, ಚೆಂದದ ಕಲ್ಲಿನ ಗೋಡೆ ಇದ್ದರೆ ಇದರಷ್ಟು ಸೊಗಸು ಬೇರೆ ಇಲ್ಲ. ಎದುರಿಗೆ ನೀರಿನ ಟ್ಯಾಂಕು, ಎಸಿ ಡಬ್ಬ ಇದ್ದರೆ ಅದೇ ಕನ್ನಡಿ ಅವನ್ನೂ ತೋರಿಸುತ್ತದೆ. ಕಡುಬಣ್ಣ ನೀರನ್ನು ಬಿಸಿ ಮಾಡುತ್ತದೆ ಎಂಬ ಮಾತು ನಿಜ, ಆದರೆ ಹೇಳುವಷ್ಟಲ್ಲ: ಬಿಸಿಲಿನ ಶಕ್ತಿಯ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು, ಅದನ್ನು ಬಹುತೇಕ ನೀರೇ ಹೀರುತ್ತದೆ, ತಳ ಯಾವ ಬಣ್ಣವಿದ್ದರೂ ಸರಿ. ಉಳಿದರ್ಧದಲ್ಲಿ ಮಾತ್ರ ಬಣ್ಣಕ್ಕೆ ಪಾತ್ರ. ಆದರೂ ತಂಪಿಗಾಗಿ ಕಟ್ಟುವ ಕೊಳಕ್ಕೆ ಆ ಸ್ವಲ್ಪವೂ ಬೇಡವಾದ ಬಿಸಿ.

ಕಡುಬಣ್ಣದ ಬಗ್ಗೆ ನಮ್ಮ ನಿಜವಾದ ತಕರಾರು ಸುರಕ್ಷತೆಯದು. ಕಪ್ಪು ತಳದ ಮೇಲೆ ಮುಳುಗಿದ ಮಗು ಸುಲಭವಾಗಿ ಕಾಣುವುದಿಲ್ಲ. ನೀರಿನ ವಕ್ರೀಭವನದಿಂದ 1.5 ಮೀಟರ್ ಆಳ ಮೇಲಿಂದ 1.1 ಮೀಟರ್‌ನಷ್ಟೇ ಅನ್ನಿಸುತ್ತದೆ, ಕಪ್ಪಿನಲ್ಲಿ ಆ ಅಂದಾಜೂ ಸಿಗುವುದಿಲ್ಲ. ಮಕ್ಕಳಿರುವ ಮನೆಗೆ ಕಡುಬಣ್ಣ ಬೇಡವೆಂದೇ ಹೇಳುತ್ತೇವೆ. ಯಾವ ಬಣ್ಣ ಹಾಕಿದರೂ ಪ್ರತಿ ಮೆಟ್ಟಿಲು ಮತ್ತು ಕಟ್ಟೆಯ ಅಂಚಿಗೆ ಸುಮಾರು 5 ಸೆಂಟಿಮೀಟರ್ ಅಗಲದ, ಎದ್ದು ಕಾಣುವ ಬೇರೆ ಬಣ್ಣದ, ಜಾರದ ಟೈಲ್ಸ್ ಪಟ್ಟಿ ಇರಲಿ. ಗಡಸು ನೀರಿದ್ದರೆ ಕಪ್ಪಿನ ಮೇಲೆ ಸುಣ್ಣದ ಪೊರೆ ಬೂದಿ ಬಳಿದಂತೆ ಕೂರುತ್ತದೆ ಎಂಬುದೂ ನೆನಪಿರಲಿ.

ಮರಳು ಬಣ್ಣ, ಕೆನೆ ಬಣ್ಣಗಳು ನೀಲಿ ಬೆಳಕನ್ನು ಕಡಿಮೆ ಹಿಂತಿರುಗಿಸುತ್ತವೆ, ನೀರು ಕೆಂಪನ್ನು ಹೀರುತ್ತದೆ, ಉಳಿಯುವುದು ಹಸಿರು. ಕಡಲತೀರದ ಹಸಿರುನೀಲಿ ಬೇಕೆಂದವರಿಗೆ ಇದೇ ಸರಿ. ಮರದ ನೆರಳು ಸೇರಿದರೆ ಕೊಳದ ನೀರು ಕೆರೆಯ ಹಸಿರಿಗೆ ತಿರುಗುತ್ತದೆ, ಪಾಚಿ ಹುಟ್ಟಿದ್ದೂ ಬೇಗ ಗೊತ್ತಾಗುವುದಿಲ್ಲ.

ನೀಲಿ ಗಾರೆ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ವರ್ಣದ್ರವ್ಯ ಯಾವುದು? ಕೋಬಾಲ್ಟ್ ನೀಲಿ, ಕ್ರೋಮಿಯಂ ಆಕ್ಸೈಡ್ ಹಸಿರು, ಐರನ್ ಆಕ್ಸೈಡ್ ಕಪ್ಪು ಮತ್ತು ಕಂದು ಕ್ಲೋರಿನ್‌ಗೂ ಬಿಸಿಲಿಗೂ ತಡೆಯುತ್ತವೆ. ಥಾಲೋ ನೀಲಿಯಂಥ ಸಾವಯವ (ಇಂಗಾಲದ ಸಂಯುಕ್ತದಿಂದಾದ) ಬಣ್ಣ ಕ್ಲೋರಿನ್‌ಗೆ ಬಿಳಚಿಕೊಳ್ಳುತ್ತದೆ, ಕಾರ್ಬನ್ ಬ್ಲ್ಯಾಕ್ ಎಂಬ ಮಸಿ ಕಾಲಕ್ರಮೇಣ ತೊಳೆದುಹೋಗುತ್ತದೆ. ಅಗ್ಗದ ಕಡುನೀಲಿ ಗಾರೆ ತೇಪೆತೇಪೆಯಾಗಿ ಬಿಳಿಚುವುದರ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಡಬ್ಬದ ಮೇಲಿನ ವಿವರ ತೋರಿಸಲು ಹಿಂಜರಿದರೆ ಆ ಮಾಲು ಬಿಡಿ.

ಗಾಜಿನ ಮೊಸಾಯಿಕ್‌ನ ಬಣ್ಣ ಮಾಸುವುದೇ ಇಲ್ಲ, ಆದರೆ ಬಿಲ್ಲೆಗಳ ಸಂದು ತುಂಬುವ ಗ್ರೌಟ್‌ನ ಬಣ್ಣವನ್ನು ಜನ ಮರೆಯುತ್ತಾರೆ. 20 ಮಿಲಿಮೀಟರ್ ಬಿಲ್ಲೆ, 2 ಮಿಲಿಮೀಟರ್ ಸಂದು ಎಂದರೆ ಮೇಲ್ಮೈಯ ಶೇ 17ರಷ್ಟು ಗ್ರೌಟೇ. ನೀಲಿ ಬಿಲ್ಲೆಗೆ ಬಿಳಿ ಗ್ರೌಟ್ ಹಾಕಿದರೆ ದೂರದಿಂದ ಇಡೀ ಕೊಳ ಪೇಲವ, ಅದೇ ಛಾಯೆಯ ಗ್ರೌಟ್ ಹಾಕಿದರೆ ತುಂಬಿದ ಬಣ್ಣ. ಸಿಮೆಂಟ್ ಗ್ರೌಟ್‌ಗಿಂತ ಎಪಾಕ್ಸಿ (ರಾಳದ) ಗ್ರೌಟ್ ಕಲೆ ಹಿಡಿಯುವುದು ಕಡಿಮೆ. ಬೆಳಕು ತೂರುವ ಗಾಜಿಗೆ ಬಿಳಿ ಅಂಟೇ ಬೇಕು, ಅದೂ ಗೆರೆಯಿಲ್ಲದಂತೆ ಚಪ್ಪಟೆ ಮಾಡಿ. ಬೂದು ಅಂಟು ಹಾಕಿದರೆ ಬಣ್ಣ ಸಾಯುತ್ತದೆ, ಹಲ್ಲುಕರಣೆಯ ಗೆರೆಗಳು ಗಾಜಿನ ಹಿಂದೆ ಶಾಶ್ವತವಾಗಿ ಕಾಣುತ್ತವೆ.

ಸಿದ್ಧ ಫೈಬರ್‌ಗ್ಲಾಸ್ ತೊಟ್ಟಿಯ ಬಣ್ಣ ಇರುವುದು ಒಂದು ಮಿಲಿಮೀಟರಿಗಿಂತ ತೆಳುವಾದ, ಜೆಲ್‌ಕೋಟ್ ಎಂಬ ರಾಳದ ಮೇಲ್ಪದರದಲ್ಲಿ. ತಿಳಿ ಬಣ್ಣ ತೆಗೆದುಕೊಳ್ಳಿ. ಕಡುಬಣ್ಣದ್ದು ನೀರಿನ ಮಟ್ಟದ ಮೇಲೆ ಬಿಸಿಲಿಗೆ ಸುಣ್ಣದಂತೆ ಮಂಕಾಗುತ್ತದೆ, ಗೀರು ಬಿಳಿಯಾಗಿ ತೋರುತ್ತದೆ. ಪೇಂಟ್ ಕೆಲವೇ ವರ್ಷದ ಮಾತು, ಹೊಸ ಕೊಳಕ್ಕೆ ಬೇಡ.

ನೀರಿನ ಮಟ್ಟದ ಸುತ್ತ 15 ಸೆಂಟಿಮೀಟರ್ ಟೈಲ್ಸ್ ಪಟ್ಟಿ ಹಾಕಿಸಿ, ನಡುಛಾಯೆಯದು. ಸುಣ್ಣ, ಎಣ್ಣೆ ಜಿಡ್ಡು ಕೂರುವುದು ಅಲ್ಲೇ. ದೀಪವನ್ನು ಕೂರುವ ಕಡೆಯ ಗೋಡೆಯಲ್ಲೇ ಇಟ್ಟು ಬೆಳಕು ಆಚೆಗೆ ಹೋಗುವಂತೆ ಮಾಡಿ. ಬಿಳಿ ಕೊಳಕ್ಕೆ ಒಂದು ದೀಪ ಸಾಕಾಗುವಲ್ಲಿ ಕಡುಬಣ್ಣಕ್ಕೆ ಎರಡು ಬೇಕಾದೀತು. ಬಣ್ಣ ಬದಲಿಸುವ ಎಲ್‌ಇಡಿ ಕಡುಬಣ್ಣದ ಕೊಳದಲ್ಲಿ ಮಂಕು.

ಕೊನೆಗೆ, ಬಳಿದಾದ ಮೇಲಿನ ಕೆಲಸ. ಸಿಮೆಂಟ್ ಫಿನಿಶ್ ಆದರೆ ನೀರು ತುಂಬಲು ಶುರುಮಾಡಿದ ಮೇಲೆ ನಡುವೆ ನಿಲ್ಲಿಸಬಾರದು, ನಿಂತ ಮಟ್ಟದಲ್ಲಿ ಅಳಿಸಲಾಗದ ಗೆರೆ ಬೀಳುತ್ತದೆ. ಪೈಪಿನ ಬಾಯಿಗೆ ಬಟ್ಟೆ ಸುತ್ತಿ ತಳದಲ್ಲಿಡಿ, ನೀರು ಮೇಲಿಂದ ಗಾರೆಯ ಮೇಲೆ ಬೀಳದಿರಲಿ. ಮೊದಲ ಕೆಲ ದಿನ ದಿನಕ್ಕೆರಡು ಸಲ ನೈಲಾನ್ ಬ್ರಷ್‌ನಿಂದ ಗೋಡೆ ಉಜ್ಜಿ, ಬಿಡುವ ಬಿಳಿಪುಡಿಯನ್ನು ಫಿಲ್ಟರ್ ಹಿಡಿಯಲಿ. ಹೊಸ ಗಾರೆ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರಿಸುತ್ತಲೇ ಇರುತ್ತದೆ, ದಿನವೂ ಅಳೆದು 7.2ರಿಂದ 7.6ರ ನಡುವೆ ತನ್ನಿ. ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ಗುಣ) 80–120 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ), ಕ್ಯಾಲ್ಸಿಯಂ ಗಡಸುತನ 200–400 ಪಿಪಿಎಂ. ಇದಕ್ಕಿಂತ ಕಡಿಮೆಯಾದರೆ ನೀರು ಗಾರೆಯಿಂದಲೇ ಸುಣ್ಣ ಕಿತ್ತುಕೊಳ್ಳುತ್ತದೆ, ಹೆಚ್ಚಾದರೆ ಪೊರೆ ಕಟ್ಟುತ್ತದೆ, ಎರಡರಲ್ಲೂ ಹಾಳಾಗುವುದು ಆರಿಸಿದ ಬಣ್ಣವೇ. ಉಪ್ಪಿನ ಕ್ಲೋರಿನೇಟರ್ (ಉಪ್ಪುನೀರಿನಿಂದ ಕ್ಲೋರಿನ್ ತಯಾರಿಸುವ ಯಂತ್ರ) ಇದ್ದರೆ ಮೊದಲ 28 ದಿನ ಉಪ್ಪು ಹಾಕಬೇಡಿ, ಅಲ್ಲಿಯವರೆಗೆ ದ್ರವ ಕ್ಲೋರಿನ್ ಬಳಸಿ.